ಮೆಷಿನ್‌ಗಿಂತ ಮೊದಲು ಪುಡಿ ನೋಡಿ

ಅಕ್ಕನಿಗೆ ಕೆಲಸ ಸಿಕ್ಕಿ ಆರು ತಿಂಗಳಾಯಿತು. ಮನೆಗೊಂದು ಎಸ್ಪ್ರೆಸೊ ಮೆಷಿನ್ ತರಬೇಕೆಂದು ಮೊದಲ ಸಂಬಳದಿಂದಲೇ ದುಡ್ಡು ಎತ್ತಿಡುತ್ತಿದ್ದಳು. ಹನ್ನೆರಡು ಸಾವಿರ ಸೇರಿದಾಗ, ‘ನೀನು ಬಿಇ ಓದ್ತಿದ್ದೀಯಲ್ಲ, ನೀನೇ ನೋಡಿ ಆರಿಸು’ ಎಂದಳು. ಡಬ್ಬದ ಮೇಲೆ ‘20 ಬಾರ್’ ಎಂದು ದೊಡ್ಡದಾಗಿ ಬರೆದಿದ್ದ ಮೆಷಿನ್ ಆರಿಸಿದೆ. 15ಕ್ಕಿಂತ 20 ಜಾಸ್ತಿ, ಜಾಸ್ತಿ ಇದ್ದರೆ ಒಳ್ಳೆಯದು. ನನ್ನ ಲೆಕ್ಕ ಅಷ್ಟೇ!

ಆರ್ಡರ್ ಮಾಡುವ ಮೊದಲು ಅಮ್ಮ ಕೇಳಿದಳು: ‘ಅದಕ್ಕೆ ಯಾವ ಪುಡಿ ಹಾಕ್ತೀರಿ? ತೀರಾ ನುಣ್ಣಗಾದ್ರೆ ನನ್ನ ಫಿಲ್ಟರ್‌ನಲ್ಲೇ ಡಿಕಾಕ್ಷನ್ ಇಳಿಯಲ್ಲ, ತರಿಯಾದ್ರೆ ನೀರು ನೀರಾಗುತ್ತೆ.’ ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಸು ಮಾಡಿದ್ದ ನನ್ನ ಬಳಿ ಉತ್ತರವಿರಲಿಲ್ಲ.

ಆಮೇಲೆ ಕುಳಿತು ಓದಿದೆ. ಎಸ್ಪ್ರೆಸೊ ಎಂದರೆ 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ನುಣ್ಣನೆಯ ಪುಡಿಯ ಮೂಲಕ ಹಾಯಿಸಿ, 25–30 ಸೆಕೆಂಡ್‌ನಲ್ಲಿ ಇಳಿಸುವ ಕಾಫಿ. 1961ರಲ್ಲಿ ಬಂದ ಇಟಲಿಯ ಫೇಮಾ ಇ61 ಮೆಷಿನ್ ಈ ಒತ್ತಡಕ್ಕೆ ಪಂಪ್ ಬಳಸಿತು. ಡಬ್ಬದ ಮೇಲಿನ 15, 20 ಎಂಬುದು ಪಂಪ್ ಗರಿಷ್ಠ ಎಷ್ಟು ಒತ್ತಡ ಕೊಡಬಲ್ಲದು ಎಂಬ ಲೆಕ್ಕ ಮಾತ್ರ. ಒಳ್ಳೆಯ ಮೆಷಿನ್‌ಗಳಲ್ಲಿ ಹೆಚ್ಚಾದ ಒತ್ತಡವನ್ನು ಹೊರಬಿಡಲು ವಾಲ್ವ್ ಇರುತ್ತದೆ.

ಅಷ್ಟೇ ಅಲ್ಲ, ಪಂಪ್ ನೀರನ್ನು ತಳ್ಳುತ್ತದೆ. ಪುಡಿ ಅದನ್ನು ತಡೆದಾಗಲೇ ಒತ್ತಡ ಹುಟ್ಟುತ್ತದೆ. ತರಿ ಪುಡಿ ಹಾಕಿದರೆ 20 ಬಾರ್ ಪಂಪ್ ಇದ್ದರೂ ನೀರು ಸರ್ರನೆ ಹರಿದುಹೋಗುತ್ತದೆ. ಅಮ್ಮ ಹೇಳಿದ್ದೂ ಅದನ್ನೇ.

ಈ ಕೊರತೆ ಕಾಣದಿರಲೆಂದು ಅನೇಕ ಅಗ್ಗದ ಮೆಷಿನ್‌ಗಳಲ್ಲಿ ಎರಡು ಪದರದ ಬಾಸ್ಕೆಟ್ ಇರುತ್ತದೆ. ಒಳಗೆ ಜಾಲರಿ, ಹೊರಗೆ ಒಂದು ಸಣ್ಣ ತೂತು. ಪುಡಿ ಹೇಗಿದ್ದರೂ ಮೇಲೆ ನೊರೆ ಬರುತ್ತದೆ, ಆದರೆ ರುಚಿಗೆ ಖಾತ್ರಿಯಿಲ್ಲ.

ಹಾಗಾಗಿ ದುಡ್ಡನ್ನೆಲ್ಲ ಮೆಷಿನ್‌ಗೇ ಸುರಿಯಬೇಡಿ ಎನ್ನುವುದು ನನ್ನ ಅಭಿಪ್ರಾಯ. ಬೀಜ ಪುಡಿ ಮಾಡಲು ಒಂದು ಒಳ್ಳೆಯ ಕೈ ಗ್ರೈಂಡರ್‌ಗೆ ಮೊದಲು ಎತ್ತಿಡಿ. ಮೆಷಿನ್ ಕೊಳ್ಳುವಾಗ ಅದು ಪಂಪ್‌ನದೋ ಬರೀ ಹಬೆಯದೋ, ಒಂದೇ ಪದರದ ಬಾಸ್ಕೆಟ್ ಸಿಗುತ್ತದೋ, ಕೆಟ್ಟರೆ ನಿಮ್ಮೂರಲ್ಲಿ ರಿಪೇರಿ ಆಗುತ್ತದೋ ಕೇಳಿ. ಗಡಸಾದ ಬೋರ್‌ವೆಲ್ ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ ಎಂಬುದೂ ನೆನಪಿರಲಿ. ಎರಡಕ್ಕೂ ದುಡ್ಡು ಸಾಲದಿದ್ದರೆ ಕಾಯಿರಿ. ಕೆಲಸ ಕಾಯಂ ಆಗುವ ಮೊದಲೇ ನೊರೆಗಾಗಿ ಇಎಂಐ ಕಟ್ಟಬೇಡಿ.

ಫಿಲ್ಟರ್ ಕಾಫಿ ಇರುವಾಗ ಇದೆಲ್ಲ ಶೋಕಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದೇಶದ ಕಾಫಿಯಲ್ಲಿ ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲೇ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಕೊಡಗು, ಚಿಕ್ಕಮಗಳೂರಿನ ಬೀಜ ಅಲ್ಲಿ ಎಸ್ಪ್ರೆಸೊ ಆಗಬಹುದಾದರೆ ನಮ್ಮ ಅಡುಗೆಮನೆಯಲ್ಲಿ ಯಾಕಾಗಬಾರದು? ಆಸೆಪಡುವುದು ತಪ್ಪಲ್ಲ, ಡಬ್ಬದ ಮೇಲಿನ ನಂಬರ್‌ಗೆ ಮರುಳಾಗಿ ಸಂಬಳ ಕೊಟ್ಟುಬಿಡುವುದು ತಪ್ಪು.

ಅಕ್ಕ ಸದ್ಯಕ್ಕೆ ಗ್ರೈಂಡರ್ ಮಾತ್ರ ತರಿಸಿದ್ದಾಳೆ. ಉಳಿದ ದುಡ್ಡಿಗೆ ಇನ್ನೆರಡು ತಿಂಗಳ ಉಳಿತಾಯ ಸೇರಿಸಿ ಮೆಷಿನ್ ತರುತ್ತಾಳಂತೆ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಅಮ್ಮನ ಫಿಲ್ಟರ್‌ಗೆ ಬೀಜ ಪುಡಿ ಮಾಡುವ ಕೆಲಸ ನನ್ನದು.