ಊರಲ್ಲಿ ಹೆಸರಿದ್ದರೆ ಸಾಲದು

ಬಂದರಿನಲ್ಲಿ ಇಪ್ಪತ್ತು ವರ್ಷ ವ್ಯಾಪಾರ ಮಾಡಿ, ಸಗಟು ಅಂಗಡಿಯ ಬಾಕಿ ಒಮ್ಮೆಯೂ ತಪ್ಪಿಸದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರ ಮಾತಿಗೆ ಊರಿನಲ್ಲಿ ಲಕ್ಷಗಟ್ಟಲೆ ಸರಕು ಸಿಗುತ್ತದೆ. ಆದರೆ ಆಸ್ಪತ್ರೆ ಖರ್ಚಿಗೋ ಮಕ್ಕಳ ಫೀಸಿಗೋ ಬ್ಯಾಂಕಿನಲ್ಲಿ ವೈಯಕ್ತಿಕ ಸಾಲ ಕೇಳಿದರೆ, ‘ನಿಮ್ಮ ಸ್ಕೋರ್ ಇಲ್ಲವಲ್ಲ’ ಎಂಬ ಉತ್ತರ ಬರುತ್ತದೆ.

ವೈಯಕ್ತಿಕ ಸಾಲಕ್ಕೆ ಅಡವು ಇರುವುದಿಲ್ಲ. ಹಾಗಾಗಿ ಬ್ಯಾಂಕಿನವರು ಮೊದಲು ನೋಡುವುದು ಹಳೆಯ ಸಾಲದ ಚರಿತ್ರೆಯನ್ನು. ಸಿಬಿಲ್ ಸೇರಿ ನಾಲ್ಕು ಕಂಪೆನಿಗಳು 2005ರ ಕಾನೂನಿನಡಿ ಈ ಲೆಕ್ಕ ಇಡುತ್ತವೆ. ಸ್ಕೋರ್ 300ರಿಂದ 900ರವರೆಗೆ. 750 ದಾಟಿದರೆ ಸಾಮಾನ್ಯವಾಗಿ ಒಳ್ಳೆಯದು. ಕ್ರೆಡಿಟ್ ಕಾರ್ಡ್, ವಾಹನ ಸಾಲ, ಮೊಬೈಲಿನ ಕಂತು, ಬ್ಯಾಂಕಿನಲ್ಲಿಟ್ಟ ಚಿನ್ನದ ಸಾಲ ಎಲ್ಲವೂ ಅಲ್ಲಿ ದಾಖಲಾಗುತ್ತದೆ. ಅಂಗಡಿಯ ಪಟ್ಟಿ ಪುಸ್ತಕ, ದಿನವೂ ಕಟ್ಟಿದ ಪಿಗ್ಮಿ, ಗಲ್ಫಿನಿಂದ ಕಳಿಸಿದ ಹಣ ಅಲ್ಲಿಗೆ ಹೋಗುವುದಿಲ್ಲ. ಬ್ಯಾಂಕುಗಳ ತೊಟ್ಟಿಲು ಎನಿಸಿದ ಜಿಲ್ಲೆಯಲ್ಲೇ ನಮ್ಮ ಪ್ರಾಮಾಣಿಕತೆಗೆ ದಾಖಲೆ ಇಲ್ಲ!

ಹಾಗಂತ, ಚರಿತ್ರೆ ಇಲ್ಲದಿರುವುದೂ ಕೆಟ್ಟ ಚರಿತ್ರೆಯೂ ಒಂದೇ ಅಲ್ಲ. ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯ ನಿರ್ದೇಶನದಲ್ಲಿ ಹೇಳಿದೆ. ಆದಾಯ, ವ್ಯಾಪಾರದ ಕಾಗದಪತ್ರಗಳನ್ನು ಬ್ಯಾಂಕ್ ಪರಿಶೀಲಿಸಬಹುದು. ಬಡ್ಡಿ ಬೇಡವೆಂದು ಸಾಲದಿಂದ ದೂರ ನಿಂತವರು ಸ್ಕೋರಿಗಾಗಿಯೇ ಸಾಲ ಮಾಡಬೇಕಾಗಿಲ್ಲ.

ನಮ್ಮ ಮನೆಗಳಲ್ಲಿ ನಿಜವಾದ ಅಪಾಯ ಇರುವುದು ದಾಕ್ಷಿಣ್ಯದಲ್ಲಿ. ‘ಭಾವ, ಒಂದು ಸಹಿ ಹಾಕಿ, ಕಂತು ನಾನೇ ಕಟ್ಟುತ್ತೇನೆ’ ಎಂದರೆ ಬೇಡ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಬೈಕು ಅವನದ್ದು, ಹೆಸರು ನಮ್ಮದು. ಅವನು ವೀಸಾ ಸಿಕ್ಕಿ ವಿಮಾನ ಹತ್ತಿದ ಮೇಲೆ ಕಂತು ನಿಂತರೆ ಕಪ್ಪುಚುಕ್ಕೆ ನಮ್ಮ ವರದಿಗೆ. ಜಾಮೀನು ನಿಂತವರ ಗತಿಯೂ ಅಷ್ಟೆ. ನಾಳೆ ಮಗನ ಓದಿಗೆ ಸಾಲ ಬೇಕಾದಾಗ ಆ ಹಳೆಯ ಸಹಿ ಎದುರು ನಿಲ್ಲುತ್ತದೆ.

ಇನ್ನೊಂದು ಎಡವಟ್ಟು ‘ಸೆಟಲ್‌ಮೆಂಟ್’. ಸ್ವಲ್ಪ ಕಟ್ಟಿ, ಉಳಿದದ್ದು ಮಾಫಿ ಎಂದಾಗ ಖುಷಿಯಾಗುತ್ತದೆ. ವರದಿಯಲ್ಲಿ ಮಾತ್ರ ಅದು ‘ಸೆಟಲ್ಡ್’ ಎಂದೇ ಬರುತ್ತದೆ, ‘ಕ್ಲೋಸ್ಡ್’ ಎಂದಲ್ಲ. ಮುಂದಿನ ಬ್ಯಾಂಕ್ ಅದನ್ನು ಪೂರ್ತಿ ತೀರಿಸದ ಸಾಲವೆಂದೇ ಓದುತ್ತದೆ. ಸಾಧ್ಯವಾದರೆ ಪೂರ್ತಿ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆದು ಜೋಪಾನವಾಗಿಡಬೇಕು. ಒಂದು ಕಡೆ ಆಗಲಿಲ್ಲವೆಂದು ನಾಲ್ಕು ಕಡೆ ಅರ್ಜಿ ಹಾಕಿದರೂ ಸ್ಕೋರ್ ಇಳಿಯಬಹುದು.

ನಾಲ್ಕು ಕಂಪೆನಿಗಳೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನಮ್ಮ ವರದಿಯನ್ನು ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರದ ನಿಯಮವಿದೆ.

ಸಂಬಂಧಿಕರಿಗೆ ನೆರವಾಗುವುದು ನಮ್ಮ ಗುಣ, ಅದು ಉಳಿಯಲಿ. ಕೈಲಾದಷ್ಟು ಹಣ ಕೊಡೋಣ. ಹೆಸರನ್ನು ಸಾಲ ಕೊಡುವ ಮುಂಚೆ ಮಾತ್ರ ಮನೆಯವರೆಲ್ಲ ಕೂತು ಎರಡು ಸಲ ಯೋಚಿಸೋಣ.