ಹೆಸರು ಕೆತ್ತಿದ ದಾಸೋಜ, ಹೆಸರಿಲ್ಲದ ಚಿತ್ತಾರಗಿತ್ತಿ

ಬೇಲೂರಿನ ಮದನಿಕೆಯರನ್ನು ಕತ್ತೆತ್ತಿ ನೋಡಿ ಬರುವವರಲ್ಲಿ ಹೆಚ್ಚಿನವರು ಅವುಗಳ ಪೀಠದ ಸಣ್ಣ ಅಕ್ಷರಗಳನ್ನು ಗಮನಿಸುವುದಿಲ್ಲ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆ ಇಂದಿನ ಶಿಕಾರಿಪುರ ತಾಲ್ಲೂಕಿನ ಹಳ್ಳಿ. 12ನೆಯ ಶತಮಾನದಲ್ಲಿಯೇ ಅಲ್ಲಿನ ಕಲಾವಿದನಿಗೆ 'ಇದು ನನ್ನ ಕೃತಿ' ಎನ್ನುವ ಹಕ್ಕಿತ್ತು.

ಪಕ್ಕದ ಸೊರಬ ತಾಲ್ಲೂಕಿನಲ್ಲಿ ದೀವರ ಮನೆಯ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳುಪು, ಹುರಿದು ಸೀಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಳತೆಗೋಲಿಲ್ಲದೆ ಎಳೆಯುವ ಆ ಗೆರೆಗಳ ನಿಖರತೆ ಬೆರಗು ಹುಟ್ಟಿಸುವಂಥದು. ಮಣ್ಣಿನ ಗೋಡೆಗಳು ಸಿಮೆಂಟಿಗೆ ಎಡೆಗೊಟ್ಟ ಮೇಲೆ ಚಿತ್ತಾರ ಹಲಗೆಗೂ ಬಟ್ಟೆಗೂ ಇಳಿದು ನಗರ ಸೇರಿತು. ಅಲ್ಲಿ ಅದರ ಕೆಳಗಿನ ಚೀಟಿಯಲ್ಲಿ ಬಹುಮಟ್ಟಿಗೆ ಕಾಣುವುದು 'ದೀವರ ಜನಪದ ಕಲೆ' ಎಂಬ ಒಕ್ಕಣೆ ಮಾತ್ರ, ಬರೆದಾಕೆಯ ಹೆಸರಿಲ್ಲ. ಸೊರಬದ ಗುಡಿಗಾರರ ಗಂಧದ ಕೆತ್ತನೆಯ ಪಾಡೂ ಬೇರೆಯಲ್ಲ. ಅದು ಸನ್ಮಾನಿತರ ಕೈಗೆ ಕೊಡುವ ಉಡುಗೊರೆ, ಅಷ್ಟೆ.

ಇದು ಜನಪದದ ಹಣೆಬರಹವೆಂದು ಕೈತೊಳೆದುಕೊಳ್ಳುವ ಮುನ್ನ ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ನೆನೆಯಬೇಕು. ಕೆ. ವೆಂಕಟಪ್ಪನವರು ಮೈಸೂರು ಅರಮನೆಯ ಚಿತ್ರಗಾರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. 1965ರಲ್ಲಿ ಅವರು ತೀರಿಕೊಂಡ ಬಳಿಕ, ಎಪ್ಪತ್ತರ ದಶಕದಲ್ಲಿ ಅವರ ಹೆಸರಿನಲ್ಲಿ ಸರ್ಕಾರ ಗ್ಯಾಲರಿ ತೆರೆಯಿತು. ಕುಲಕಸುಬಿನ ಮನೆಯವನೊಬ್ಬ 'ಕಲಾವಿದ'ನಾಗಿ ಗುರುತಿಸಿಕೊಂಡ ಕತೆಯನ್ನು ಆ ಕಟ್ಟಡವೇ ಹೇಳುತ್ತದೆ. ಅಲ್ಪ ಬಾಡಿಗೆಗೆ ಸಿಗುತ್ತಿದ್ದ ಅದರ ಅಂಕಣಗಳಲ್ಲಿ ಹಲವು ಯುವ ಕಲಾವಿದರು ತಮ್ಮ ಮೊದಲ ಪ್ರದರ್ಶನ ನಡೆಸಿದರು. ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಒಪ್ಪಂದದ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದದ್ದು ಆ ಋಣದಿಂದಲೇ. ಸಾರ್ವಜನಿಕ ಗ್ಯಾಲರಿ ಎಂದರೆ ಹೆಸರಿಲ್ಲದವರು ಹೆಸರು ಪಡೆಯುವ ತಾಣ ಎಂಬುದನ್ನು ಅವರು ಬಲ್ಲರು.

ಆ ತಾಣ ಸೊರಬದಿಂದ ಮುನ್ನೂರು ಕಿ.ಮೀ.ಗೂ ಆಚೆ ಇದೆ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯದಲ್ಲಿ ಹಳೆಯ ಕಲ್ಲುಗಳಿಗೆ ಜಾಗ ಸಿಕ್ಕಿದೆ, ಸರಿ. ಇಂದು ಕೈಯಾಡಿಸುತ್ತಿರುವವರಿಗೆ? ಶಿಕಾರಿಪುರ, ಸೊರಬ ಎರಡೂ ಮುಖ್ಯಮಂತ್ರಿಗಳನ್ನು ಕೊಟ್ಟ ಊರುಗಳು. ಅಲ್ಲಿ ಒಂದು ಗ್ಯಾಲರಿಗೆ ಹಣವಿಲ್ಲವೆಂದರೆ ನಂಬುವುದು ಕಷ್ಟ.

ಅಮೃತಶಿಲೆಯ ಭವನ ಬೇಡ. ಅಂಥವು ಉದ್ಘಾಟನೆಯ ಮರುದಿನವೇ ಬೀಗ ಕಾಣುತ್ತವೆ. ಮಣ್ಣಿನ ಗೋಡೆಯ ಒಂದು ಹಳೆಯ ಮನೆ ಸಾಕು. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಹೊರುವ ಚಿತ್ತಾರದ ಬುಟ್ಟಿಯನ್ನು ಅಲ್ಲಿಡಲಿ. ಪಕ್ಕದ ಚೀಟಿಯಲ್ಲಿ ಬರೆದಾಕೆಯ ಹೆಸರು, ಊರು, ಬರೆದ ವರ್ಷ ಇರಲಿ. ಮಾರಾಟವಾದರೆ ಬೆಲೆಯೂ ಆಕೆಗೇ ಸೇರಲಿ.