ಕ್ಯಾನ್ಸರ್ ಹೋಯ್ತು, ಊಟ ಇಳಿಯುತ್ತಾ?

ಅನ್ನನಾಳದ ಕ್ಯಾನ್ಸರ್ ಇನ್ನೂ ಒಳಪದರದಲ್ಲೇ ಇರುವಾಗ ಪತ್ತೆಯಾದರೆ ಎದೆ ತೆರೆಯುವ ದೊಡ್ಡ ಆಪರೇಷನ್ ಇಲ್ಲದೆಯೇ ತೆಗೆಯಬಹುದು. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಕೆಟ್ಟ ಭಾಗದ ಅಡಿಗೆ ದ್ರವ ಚುಚ್ಚಿ ಉಬ್ಬಿಸಿ, ಪುಟ್ಟ ವಿದ್ಯುತ್ ಚಾಕುವಿನಿಂದ ಆ ಪದರವನ್ನಷ್ಟೇ ಬಿಡಿಸಿ ತೆಗೆಯುತ್ತಾರೆ. ಇದಕ್ಕೆ ಇಎಸ್‌ಡಿ ಅಂತ ಹೆಸರು; ಜಪಾನಿನ ವೈದ್ಯರು ಬೆಳೆಸಿದ ವಿಧಾನ. ಇದರ ವಿಡಿಯೋ ನೋಡಿದಾಗ ನಮ್ಮ ಕಣ್ಣೆಲ್ಲ ಚಾಕು, ಕ್ಯಾಮೆರಾ, ಕೈಚಳಕದ ಮೇಲೇ ಇರುತ್ತೆ. ತುಂಡು ಹೊರಬಂದ ಕೂಡಲೇ ವಿಡಿಯೋ ಮುಗಿಯುತ್ತೆ. ನಮ್ಮ ತಕರಾರು ಶುರುವಾಗುವುದು ಅಲ್ಲಿಂದಲೇ.

ಒಳಪದರ ಹೋದ ಜಾಗ ಹಸಿ ಗಾಯ. ಅದು ನಾಳದ ಸುತ್ತಳತೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚಿದ್ದರೆ ಅಪಾಯ ಬಹಳ. ಅಂಚಿನಿಂದ ಹೊಸ ಜೀವಕೋಶಗಳು ತೆವಳಿಕೊಂಡು ಬಂದು ಮುಚ್ಚುವಷ್ಟರಲ್ಲಿ ಅಡಿಯಲ್ಲಿ ನಾರು ಬೆಳೆದು, ಗಾಯವನ್ನು ಬಿಗಿಯಾಗಿ ಎಳೆಯುತ್ತೆ. ಕೆಲವೇ ವಾರಗಳಲ್ಲಿ ನಾಳ ಎಷ್ಟು ಕಿರಿದಾಗಬಹುದು ಅಂದರೆ, ಸುಮಾರು 1 ಸೆಂ.ಮೀ. ದಪ್ಪದ ಎಂಡೋಸ್ಕೋಪೂ ಒಳಗೆ ಹೋಗಲ್ಲ. ಕ್ಯಾನ್ಸರ್ ಹೋಗಿದೆ, ಆದರೆ ಅನ್ನದ ತುತ್ತು ಎದೆಯಲ್ಲೇ ನಿಲ್ಲುತ್ತೆ. ಇದನ್ನು ಗೆಲುವು ಅಂತ ಹೇಗೆ ಕರೆಯೋಣ?

ಕಿರಿದಾದ ಮೇಲೆ ಬಲೂನ್ ಹಾಕಿ ಹಿಗ್ಗಿಸುತ್ತಾರೆ. ಹಿಗ್ಗಿಸುವುದು ಅಂದರೆ ಗಟ್ಟಿಯಾದ ಕಲೆಯನ್ನು ಹರಿಯುವುದು. ಹರಿದದ್ದು ಮತ್ತೆ ಗಾಯ, ಮತ್ತೆ ಕಲೆ. ಹಾಗಾಗಿ ಹಲವರು ಮತ್ತೆ ಮತ್ತೆ ಆಸ್ಪತ್ರೆಗೆ ಅಲೆಯಬೇಕು; ಪ್ರತಿ ಸಲವೂ ನಾಳ ತೂತಾಗುವ ಅಪಾಯ ಇದ್ದೇ ಇರುತ್ತೆ.

ಮೊದಲೇ ತಡೆಯಲು ಈಗ ಹೆಚ್ಚು ಬಳಕೆಯಲ್ಲಿರುವುದು ಸ್ಟೆರಾಯ್ಡ್. ಗಾಯದ ಜಾಗಕ್ಕೆ ಚುಚ್ಚುತ್ತಾರೆ, ಇಲ್ಲವೇ ಮಾತ್ರೆ ಕೊಡುತ್ತಾರೆ. ಒಂದು ಕ್ರಮದಲ್ಲಿ ಪ್ರೆಡ್ನಿಸೊಲೋನ್ ದಿನಕ್ಕೆ 30 ಮಿ.ಗ್ರಾಂ.ನಿಂದ ಶುರುಮಾಡಿ ಸುಮಾರು 8 ವಾರಗಳಲ್ಲಿ ಇಳಿಸುತ್ತಾ ನಿಲ್ಲಿಸುತ್ತಾರೆ. ಅಗ್ಗದ ಔಷಧಿ, ಬಹಳ ಜನಕ್ಕೆ ಉಪಯೋಗವಾಗಿದೆ, ಒಪ್ಪೋಣ. ಆದರೆ ವಾರಗಟ್ಟಲೆ ಸ್ಟೆರಾಯ್ಡ್ ತಿಂದರೆ ಸಕ್ಕರೆ ಏರುತ್ತೆ, ಸೋಂಕು ಸುಲಭವಾಗಿ ಹತ್ತುತ್ತೆ. ಮನೆಮನೆಗೂ ಸಕ್ಕರೆ ಕಾಯಿಲೆ ಇರುವ ನಮ್ಮ ಊರಿಗೆ ಇದು ಸಣ್ಣ ಮಾತಲ್ಲ. ನಾಳದ ಪೂರ್ತಿ ಸುತ್ತು ತೆಗೆದಾಗಲಂತೂ ಸ್ಟೆರಾಯ್ಡ್ ಒಂದೇ ಸಾಕಾಗದೇ ಹೋಗಬಹುದು.

ಇಲ್ಲೇ ನಮ್ಮ ವಿದ್ಯೆಯ ಪಾಲು ಬರುವುದು. ಟೋಕಿಯೋ ಮಹಿಳಾ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ತೆರುವೊ ಒಕಾನೊ ಅವರ ತಂಡ ಒಂದು ಪಾಲಿಮರ್ ಬಳಸಿತು. ಅದು 37 ಡಿಗ್ರಿಯಲ್ಲಿ ಜೀವಕೋಶಗಳನ್ನು ಹಿಡಿದುಕೊಳ್ಳುತ್ತೆ. 20 ಡಿಗ್ರಿಗೆ ತಣಿಸಿದರೆ ನೀರು ಹೀರಿ ಬಿಟ್ಟುಕೊಡುತ್ತೆ. ರೋಗಿಯ ಕೆನ್ನೆಯ ಒಳಗಿನ ಜೀವಕೋಶ ತೆಗೆದು, ಈ ಪಾಲಿಮರ್ ಹಚ್ಚಿದ ತಟ್ಟೆಯಲ್ಲಿ 16 ದಿನ ಬೆಳೆಸಿ, ಹಾಳೆಯಂತೆ ಎಬ್ಬಿಸಿ ಗಾಯದ ಮೇಲೆ ಅಂಟಿಸಿದರು. ಹೊಲಿಗೆಯೇ ಬೇಡ! 9 ಜನರ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಒಬ್ಬರನ್ನು ಬಿಟ್ಟು ಉಳಿದವರಿಗೆ ನಾಳ ಕಿರಿದಾಗಲಿಲ್ಲ. ಆದರೆ ಕೋಶ ಬೆಳೆಸುವ ಶುದ್ಧ ಕೊಠಡಿ, ಖರ್ಚು, ಪರಿಣತರು ಎಲ್ಲ ಆಸ್ಪತ್ರೆಯಲ್ಲೂ ಎಲ್ಲಿ ಸಿಗಬೇಕು?

ಹಾಗಾದರೆ ಬೇಕಾದದ್ದು ಏನು? ಎಂಡೋಸ್ಕೋಪಿನ ಸುಮಾರು 2.8 ಮಿ.ಮೀ. ಕಿಂಡಿಯಲ್ಲಿ ತೂರುವ, ಎಂಜಲಿನ ಒದ್ದೆಯಲ್ಲೂ ಅಂಟುವ, ನಾಳ ಅಲುಗಾಡಿದರೂ ಕಳಚದ, ಕೆಲವು ವಾರ ಕಾವಲಿದ್ದು ತಾನೇ ಕರಗುವ ಒಂದು ಅಗ್ಗದ ಹೊದಿಕೆ. ಇದು ವೈದ್ಯರ ಕೆಲಸ ಅಂತ ಸ್ನೇಹಿತರು ಹೇಳಬಹುದು. ರೋಗಿಯ ಮೇಲೆ ಬಳಸುವುದು ಖಂಡಿತ ಅವರ ಕೆಲಸವೇ. ಆದರೆ ಅಂಟು, ಪಾಲಿಮರ್, ಕರಗುವ ವೇಗ, ಎಳೆತದ ಲೆಕ್ಕ ಇವೆಲ್ಲ ನಮ್ಮ ಸಿಲಬಸ್ಸಲ್ಲೇ ಇವೆಯಲ್ಲ. ಮಾಂಸದಂಗಡಿಯಿಂದ ತಂದ ಕುರಿಯ ಅನ್ನನಾಳದ ಮೇಲೆ ಅಂಟು ಎಷ್ಟು ಹೊತ್ತು ನಿಲ್ಲುತ್ತೆ ಅಂತ ಅಳೆಯುವುದು ಕಾಲೇಜು ಲ್ಯಾಬಿನಲ್ಲೇ ಆಗುವ ಕೆಲಸ.

ಇನ್ನೊಂದು ಮಾತು. ನಮ್ಮಲ್ಲಿ ಬಹುಪಾಲು ಜನ ನುಂಗಲು ಕಷ್ಟವಾದ ಮೇಲೇ ಆಸ್ಪತ್ರೆಗೆ ಹೋಗೋದು. ಅಷ್ಟರಲ್ಲಿ ಸಾಮಾನ್ಯವಾಗಿ ರೋಗ ಆಳಕ್ಕೆ ಇಳಿದಿರುತ್ತೆ, ಇಎಸ್‌ಡಿ ಉಪಯೋಗಕ್ಕೆ ಬರಲ್ಲ. ಬೇಗ ಪತ್ತೆಹಚ್ಚುವ ಕೆಲಸವೂ ಜೊತೆಗೇ ನಡೀಬೇಕು.

ಪ್ರಾಜೆಕ್ಟ್ ರಿವ್ಯೂನಲ್ಲಿ "ಕೆಲಸ ಮಾಡುತ್ತಾ?" ಅಂತ ಕೇಳ್ತಾರೆ. "ಕೆಲಸ ಮುಗಿದ ಮೇಲೆ ಆ ಮನುಷ್ಯನ ಗತಿ ಏನು?" ಅಂತಲೂ ಕೇಳಲಿ. ಇಎಸ್‌ಡಿಯ ಮಟ್ಟಿಗೆ ಉತ್ತರ ಸಿಗುವುದು ಊಟದ ತಟ್ಟೆಯ ಮುಂದೆ. ಅಲ್ಲಿವರೆಗಿನ ಜವಾಬ್ದಾರಿ ವಿನ್ಯಾಸದ ಭಾಗವೇ ಅನ್ನೋದು ನಮ್ಮ ಅಭಿಪ್ರಾಯ.